ಕನಸಿನ ವೇಗದ ಮನೆ

ಬಿಲ್ಡರ್ ಚೆನ್ನವೀರಪ್ಪನವರು ಮೇಜು ಗುದ್ದಿದರು. "ನಾವು ಕಟ್ಟೋ ಮನೆಯ ತ್ರೀಡಿ ಚಿತ್ರ ಈ ಲ್ಯಾಪ್‌ಟಾಪಲ್ಲಿ ಕುದುರೆ ಹಂಗೆ ಓಡಬೇಕು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬ್ಯಾಡ!"

ಗುಮಾಸ್ತ ಪಂಪಾಪತಿ ನಿಟ್ಟುಸಿರಿಟ್ಟ. ಅದರೊಳಗಿದ್ದದ್ದು ಹಳೇ ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ. ಲೆಕ್ಕ, ಚಿತ್ರ ಎರಡನ್ನೂ ಅದೊಂದೇ ಎಳೆಯಬೇಕು. ಓಡುವ ಮಾತೆಲ್ಲಿ? ಅವನು ಕಿಟಕಿಯ ಪರದೆ ಎಳೆದು ಕೋಣೆ ಮಬ್ಬಾಗಿಸಿದ. ಮೊಬೈಲಿನಲ್ಲಿ ಸಣ್ಣಗೆ ತಂಬೂರಿ ಹಚ್ಚಿದ.

ಗಿರಾಕಿ ದಂಪತಿ ಬಂದು ಕೂತರು. ಚಿತ್ರದ ಬಾಗಿಲು ಮೊಗ್ಗಿನಂತೆ ಮೆಲ್ಲಮೆಲ್ಲಗೆ ಬಿರಿಯಿತು. ಪಡಸಾಲೆಗೆ ಬಿಸಿಲು ತೇಲಿ ಬಂತು. ತುಳಸಿಕಟ್ಟೆ ಮೂಡುವಷ್ಟರಲ್ಲಿ ಹೆಂಡತಿ ಮನಸ್ಸಿನಲ್ಲೇ ಅಲ್ಲಿ ಸಂಸಾರ ಹೂಡಿಬಿಟ್ಟಿದ್ದಳು. "ರೀ, ಇದನ್ನೇ ತಗೊಳ್ಳೋಣ."

ಖುಷಿಗೆ ಚೆನ್ನವೀರಪ್ಪನವರು ಹೊಸ ಲ್ಯಾಪ್‌ಟಾಪ್ ತಂದರು. ಅದರಲ್ಲಿ ಇಡೀ ಮನೆ ಒಂದೇ ಉಸಿರಿಗೆ ಮುಗಿಯಿತು.

"ಏನಲೇ, ಬಾಗಿಲಾಗ ಹೊಕ್ಕು ಹಿತ್ತಲಾಗ ಬಿದ್ದಂಗಾತು! ಆ ಹಳೇದನ್ನೇ ತಗಂಬಾ" ಎನ್ನುತ್ತ ಅವರೇ ಎದ್ದು ಕಿಟಕಿಯ ಪರದೆ ಎಳೆದರು.