ಊರಮ್ಮನ ಸೊಟ್ಟ ಬೆರಳು

ಅದೇ ನೋಡಿ, ಬಂದೋರೆಲ್ಲ ಅದನ್ನೇ ಕೇಳ್ತೀರಿ. ಊರಮ್ಮನ ಗುಡೀಲಿ ಅಮ್ಮ ಇಲ್ಲ, ಬರೀ ಎರಡು ಪಾದ ಯಾಕೆ, ಅದರಲ್ಲೂ ಒಂದು ಬೆರಳು ಸೊಟ್ಟ ಯಾಕೆ ಅಂತ. ಬಾಯಾರಿಕೆಗೆ ಮಜ್ಜಿಗೆ ಇದೆಯಾ ಅಂತ ಕೇಳಿದ್ರೆ ಬೇಗ ಹೇಳಿ ಮುಗಿಸ್ಬೋದಿತ್ತು. ಇರಲಿ, ಕೂತ್ಕೊಳ್ಳಿ.

ಎಷ್ಟು ಹಿಂದೆ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳಜ್ಜಿಗೂ ಗೊತ್ತಿರಲಿಲ್ಲ. ಅಷ್ಟು ಹಿಂದೆ, ಇದೇ ಊರಲ್ಲಿ, ಮೌನಾಚಾರಿ ಅಂತ ಒಬ್ಬ ಕಂಚುಗಾರ ಇದ್ದನಂತೆ. ಕೈ ಅಂದ್ರೆ ಕೈ. ಅವನು ಎರಕ ಹೊಯ್ದ ಗಂಟೆ ಬಾರಿಸಿದ್ರೆ ಆಚೆ ಊರಿನ ಎಮ್ಮೆಗಳು ತಿರುಗಿ ನೋಡ್ತಿದ್ವಂತೆ. ಅವನು ಮಾಡಿದ ಹಿತ್ತಾಳೆ ಚೇಳನ್ನ ಒಬ್ಬ ತುಳಿದು, ಮಂತ್ರ ಹಾಕಿಸ್ಕೊಂಡು, ವಿಷ ಇಳಿದು ಆರಾಮಾಗಿ ಮನೆಗೆ ಹೋದನಂತೆ. ಹೇಳೋರು ಹಂಗೇ ಹೇಳ್ತಾರೆ.

ಇಂಥವನು ಹೆದರ್ತಿದ್ದದ್ದು ಹೆಂಡತಿ ಕಾಳಮ್ಮನಿಗೆ ಮಾತ್ರ. ಅವಳು ಬೈಯೋಕೆ ಶುರು ಮಾಡಿದ್ರೆ ತಲೆ ತಗ್ಗಿಸಿ ನಿಂತ್ಬಿಡ್ತಿದ್ದ. ಮುಗಿಯೋವರೆಗೂ ಎತ್ತುತ್ತಿರಲಿಲ್ಲ. ಕಾಳಮ್ಮನ ಬಲಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. ಚಿಕ್ಕವಳಿದ್ದಾಗ ಗುಂಡುಕಲ್ಲು ಉರುಳಿ ಹಂಗಾಗಿತ್ತಂತೆ. ಊರಿಗೆಲ್ಲ ಗೊತ್ತಿದ್ದ ಬೆರಳು. ಕೆಸರಲ್ಲಿ ಹೆಜ್ಜೆ ನೋಡಿ, ಕಾಳಮ್ಮ ನೀರಿಗೆ ಹೋದಳು ಅಂತ ಮಕ್ಕಳೂ ಹೇಳ್ತಿದ್ವು.

ಒಂದು ವರ್ಷ ಊರೋರೆಲ್ಲ ಸೇರಿ ಊರಮ್ಮನಿಗೆ ಒಂದು ವಿಗ್ರಹ ಮಾಡಿಸೋಣ ಅಂದ್ಕೊಂಡರು. ಮನೆಮನೆಯಿಂದ ತಂದು ಸುರಿದರು. ಸೀಳಿದ ಗಂಟೆ, ಸತ್ತ ಅತ್ತೆಯ ತಟ್ಟೆ, ಪುಟ್ಟಜ್ಜಿ ಅನ್ನೋ ಮುದುಕಿಯ ತೂತುಬಿದ್ದ ಚೊಂಬು. ಮೌನಾಚಾರಿ ಎಲ್ಲ ಕರಗಿಸಿ ಎರಕ ಹೊಯ್ದ. ಅಚ್ಚು ಒಡೆದ್ರೆ ಅಮ್ಮ ಈಗ ಮಾತಾಡ್ತಾಳೆ ಅನ್ನೋ ಹಾಗೆ ನಿಂತಿದ್ದಳಂತೆ.

ಅವತ್ತೇ ಬರ್ಬೇಕಾ, ಊರೋರು ಯಾರೂ ಇನ್ನೂ ನೋಡಿರಲಿಲ್ಲ, ಪೇಟೆಯಿಂದ ಹಳೇ ಸಾಮಾನಿನ ವ್ಯಾಪಾರಿ ಬಂದ. ಹೊಸ ದೇವರಿಗೆ ನಿಮ್ಮೂರು ಮಾತ್ರ ಕೈ ಮುಗಿಯುತ್ತೆ ಆಚಾರಿ, ಹಳೇ ದೇವರಿಗೆ ಲೋಕವೇ ಕೈ ಮುಗಿಯುತ್ತೆ, ಇವಳಿಗೆ ಒಂಚೂರು ವಯಸ್ಸು ಮಾಡಿಕೊಡು ಅಂದನಂತೆ. ಆ ಮಾತು ಮೌನಾಚಾರಿಯ ತಲೆಗೆ ಹತ್ತಿತು. ಅಮ್ಮನ ಮೂಗು ಸವೆಸಿ, ಮೈಗೆ ಉಪ್ಪು, ಗಂಜಲ ಬಳಿದು ತಿಪ್ಪೇಲಿ ಹೂತ. ಊರೋರ ಮುಂದೆ ಬಂದು, ಅಚ್ಚು ಬಿರುಕು ಬಿಡ್ತು, ಲೋಹ ಎಲ್ಲ ಮಣ್ಣುಪಾಲಾಯ್ತು ಅಂದ. ಊರೋರು ಬೈದಿದ್ರೆ ಚೆನ್ನಾಗಿತ್ತು. ಅವರು ಸಮಾಧಾನ ಮಾಡಿದರು. ಪುಟ್ಟಜ್ಜಿ, ಪಾಪ ಬೆಂಕಿ ಮುಂದೆ ಒಣಗಿದ್ದಾನೆ ಅಂತ ರೊಟ್ಟಿ ಕಳಿಸಿದಳು. ತಿಂದನಂತೆ.

ಮಳೆಗಾಲ ಕಳೆದು ತೆಗೆದ್ರೆ ಹಸಿರು ಕಿಲುಬು ಹಿಡಿದು ಅಮ್ಮ ಹಣ್ಣು ಮುದುಕಿ. ವ್ಯಾಪಾರಿ ದುಡ್ಡು ಕೊಟ್ಟು ಹೊತ್ಕೊಂಡು ಹೋದ. ಆ ದುಡ್ಡಲ್ಲಿ ಮೌನಾಚಾರಿ ಮನೆಗೆ ಹೆಂಚು ಹಾಕಿಸ್ಕೊಂಡ. ಮಳೆ ಸೋರೋದು ನಿಂತಿತು, ನಿದ್ದೆ ಮಾತ್ರ ಬರಲಿಲ್ಲವಂತೆ.

ಆಮೇಲೆ ಪೇಟೆಯ ಮ್ಯೂಸಿಯಮ್ಮಿಂದ ಊರಿಗೇ ಕರೆ ಬಂತು. ನಿಮ್ಮೂರ ನೆಲದಲ್ಲಿ ಸಿಕ್ಕ ದೇವಿ, ನಿಮ್ಮ ಹಿರೀಕರು ಮಾಡಿದ್ದು, ಬಂದು ನೋಡಿ ಅಂತ. ನೆಲದಲ್ಲಿ ಸಿಕ್ಕಿದ್ದು ಅಂದವನು ವ್ಯಾಪಾರಿ. ಒಂದು ಲೆಕ್ಕದಲ್ಲಿ ಸುಳ್ಳೂ ಅಲ್ಲ. ಊರೆಲ್ಲ ಗಾಡಿ ಕಟ್ಟಿತು. ಹೊಟ್ಟೆನೋವು ಅಂದ ಮೌನಾಚಾರಿಯನ್ನೂ ಎತ್ತಿ ಹಾಕ್ಕೊಂಡರು.

ದೇವರಿರೋ ಕಡೆ ಅಂತ ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ತಂದ ತೆಂಗಿನಕಾಯಿಯನ್ನ ಕಾವಲಿನವನು ಇಸ್ಕೊಂಡ. ಒಬ್ಬ ದೊಡ್ಡ ಸಾಹೇಬರು ಕೋಲು ಹಿಡಿದು, ಗಾಜಿನೊಳಗಿನ ಅಮ್ಮನ ಕಾಲು ತೋರಿಸಿದರು. ಹೆಬ್ಬೆರಳ ಮೇಲೆ ಹತ್ತಿದ ಈ ಬೆರಳು ನೋಡಿ, ಬಹಳ ಪುರಾತನ ಲಕ್ಷಣ, ಈಗಿನ ಕಾಲದಲ್ಲಿ ಎಲ್ಲೂ ಕಾಣಸಿಗಲ್ಲ ಅಂದರಂತೆ.

ಊರೋರು ಗಾಜಿನೊಳಗೆ ನೋಡಿದರು. ಆಮೇಲೆ ನೆಲ ನೋಡಿದರು. ಅಲ್ಲಿ ಕಾಳಮ್ಮ ಬರಿಗಾಲಲ್ಲಿ ನಿಂತಿದ್ದಳು. ಅವಳೂ ನೋಡ್ಕೊಂಡಳು. ಮೆಲ್ಲಗೆ ಬೆರಳನ್ನ ಸೀರೆ ಅಂಚಿನೊಳಗೆ ಎಳ್ಕೊಂಡಳು. ಪುಟ್ಟಜ್ಜಿ ಮಾತ್ರ ಗಾಜಿನ ಹತ್ತಿರ ಹೋಗಿ, "ನನ್ನ ಚೊಂಬು ಎಷ್ಟು ಚೆನ್ನಾಗಿ ಆಗಿದೆ ನೋಡ್ರೋ" ಅಂದಳಂತೆ.

ಅಷ್ಟೇ. ಮೌನಾಚಾರಿ ಹೋಗಿ ಸಾಹೇಬರ ಮುಂದೆ ಕೈ ಮುಗಿದ.

"ಸ್ವಾಮಿ, ಇವಳು ಹಳಬಳಲ್ಲ. ನಾನೇ ಮಾಡಿ ತಿಪ್ಪೇಲಿ ಹೂತಿದ್ದೆ. ಊರೋರ ಅಮ್ಮ ಇವಳು, ಕೊಟ್ಬಿಡಿ."

ಸಾಹೇಬರು ನಕ್ಕು ಬೆನ್ನು ತಟ್ಟಿದರು. ಇಂಥ ಕೆಲಸ ಈಗಿನೋರ ಕೈಲಿ ಆಗುತ್ತೇನಯ್ಯ ಅಂದರು. ಬಿಸಿಲಲ್ಲಿ ಬಂದಿದ್ದಾನೆ, ಒಂದು ಲೋಟ ನೀರು ಕೊಡಿ ಅಂದರು. ಕೊಟ್ಟರು. ಕುಡಿದ. ಇನ್ನೇನು ಮಾಡ್ತಾನೆ. ಅಮ್ಮ ಅಲ್ಲೇ ಉಳಿದಳು. ದಾರಿಯುದ್ದಕ್ಕೂ ಗಾಡೀಲಿ ಒಬ್ಬರೂ ಅವನನ್ನ ಬೈಯಲಿಲ್ಲವಂತೆ.

ಆಮೇಲೆ ಅವನು ಹೆಂಚು ಇಳಿಸಿ ಮಾರಿ, ಬಂದ ದುಡ್ಡಿಗೆ ಕಂಚು ತಂದು, ಇನ್ನೊಬ್ಬ ಅಮ್ಮನನ್ನ ಮಾಡೋಕೆ ಕೂತ. ಅದೇ ಸೊಟ್ಟ ಬೆರಳಿನ ಪಾದ ಆಯ್ತು. ಅದರಿಂದ ಮೇಲಕ್ಕೆ ಕೈ ಏಳಲೇ ಇಲ್ಲವಂತೆ. ಅದಕ್ಕೇ ಗುಡೀಲಿ ಪಾದ. ಇವತ್ತಿಗೂ ನಮ್ಮೂರಲ್ಲಿ ಹೊಸ ಪಾತ್ರೆ ತಂದ್ರೆ ಮೊದಲು ಆ ಪಾದದ ಮುಂದೆ ಇಟ್ಟು, ಹುಣಸೆಹಣ್ಣು ಹಾಕಿ ತಿಕ್ಕಿ, "ಇದು ಹೊಸದು ತಾಯಿ" ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ ಒಳಗೆ ತಗೊಂಡು ಹೋಗ್ತೀವಿ.

ಅವತ್ತು ಅಮ್ಮನನ್ನ ನೋಡಿ ಪೇಟೆಯಿಂದ ವಾಪಸ್ಸು ಬಂದ ದಿನ ಕಾಳಮ್ಮ ಕಾಲು ತೊಳ್ಕೊಂಡು ಜಗಲಿ ಮೇಲೆ ಕೂತಳಂತೆ. ಮೌನಾಚಾರಿ ಎಂದಿನ ಹಾಗೆ ಎದುರಿಗೆ ಬಂದು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಅವನ ನೆತ್ತಿ ನೋಡಿ ಕೇಳಿದಳಂತೆ:

"ಇಷ್ಟು ವರ್ಷ ನಾನು ಬೈವಾಗ ತಲೆ ತಗ್ಗಿಸ್ತಿದ್ರಲ್ಲ, ನಾಚಿಕೆಗೆ ಅಂದ್ಕೊಂಡಿದ್ದೆ. ಅಳತೆ ತಗೊಳ್ತಿದ್ರಾ?"