ಸಾರಿನ ಪಾತ್ರೆ ಮತ್ತು ಕೆಂಪು ಹಲಗೆ

"ಗುರುಗಳೇ, ಸಂಗೀತ ಕಛೇರಿ ಮಾಡಿದವನನ್ನು ಮತ್ತೆ ಮೊದಲ ಪಾಠದ ಸರಳೆ ವರಸೆಗೆ ಕೂರಿಸುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಹಿಂದಿನ ವಾರದ ಕಛೇರಿಯಲ್ಲಿ ಅವನ ತಾಳ ಒಂದು ಕಡೆ ಓಡಿತ್ತು. ಸಭೆಯಲ್ಲಿ ಹೆಚ್ಚಿನವರಿಗೆ ಅದು ತಿಳಿಯಲಿಲ್ಲ. ಗುರುಗಳಿಗೆ ತಿಳಿಯಿತು. ಮರುದಿನದಿಂದ ಅವನನ್ನು ಹೊಸದಾಗಿ ಸೇರಿದ ಮಕ್ಕಳ ಜೊತೆ ಜಮಖಾನದ ಮೇಲೆ ಕೂರಿಸಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಒಂದು ಕತೆ ಹೇಳಿದರು.

ಕಡಲಾಚೆಯ ಒಂದು ಊರಿನಲ್ಲಿ ಒಬ್ಬ ಅಡುಗೆಯವಳಿದ್ದಳು. ನಮ್ಮ ಕಡೆಯಿಂದ ಮದುವೆಯಾಗಿ ಹೋದವಳು. ಅಲ್ಲಿ ನಮ್ಮವರ ಮನೆಯಲ್ಲಿ ನಾಮಕರಣವಿರಲಿ, ಗೃಹಪ್ರವೇಶವಿರಲಿ, ಸಾರು ಮಾತ್ರ ಅವಳದ್ದೇ ಆಗಬೇಕು. ಅವಳು ಮನೆಯಲ್ಲೇ ಕುದಿಸಿ, ಪಾತ್ರೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು, ತಾನೇ ಓಡಿಸಿಕೊಂಡು ಹೋಗಿ ಬಡಿಸಿ ಬರುತ್ತಿದ್ದಳು.

ಅವಳ ತವರಿನಲ್ಲಿ ಒಂದು ಪದ್ಧತಿಯಿತ್ತು. ಶುಭದ ಮನೆಗೆ ಅರೆಪಾತ್ರೆ ಹೋಗಕೂಡದು. ಕಡಲು ದಾಟಿದರೂ ಅವಳು ಅದನ್ನು ಬಿಟ್ಟಿರಲಿಲ್ಲ. ಸಾರು ಅಂಚು ಮುಟ್ಟಬೇಕು. ಆಮೇಲೆ ತಟ್ಟೆ ಮುಚ್ಚಿ, ಬಿಳಿಯ ಬಟ್ಟೆ ಬಿಗಿಯುವುದು.

ಆ ದೇಶದಲ್ಲಿ ಬೀದಿಗಳು ಕೂಡುವ ಕಡೆ ಒಂದು ಕೆಂಪು ಹಲಗೆ ನೆಟ್ಟಿರುತ್ತದೆ. ಹಲಗೆ ಕಂಡಲ್ಲಿ ಗಾಡಿ ಪೂರ್ತಿ ನಿಲ್ಲಬೇಕು. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ನಿಲ್ಲಬೇಕು. ಚಕ್ರ ಒಂದಿಷ್ಟು ಉರುಳುತ್ತಿದ್ದರೂ ಅದು ನಿಂತ ಲೆಕ್ಕವಲ್ಲ.

ಅಡುಗೆಯವಳಿಗೆ ಇದು ತಿಳಿಯದ್ದೇನಲ್ಲ. ಆದರೆ ನಿಲ್ಲಿಸಿದರೆ ಪಾತ್ರೆ ತುಳುಕುತ್ತಿತ್ತು. ಅದಕ್ಕೆ ಹಲಗೆಯ ಬಳಿ ನಿಧಾನಿಸುತ್ತಿದ್ದಳು, ಎಡಬಲ ನೋಡುತ್ತಿದ್ದಳು, ತೇಲಿಸಿಕೊಂಡು ದಾಟಿಬಿಡುತ್ತಿದ್ದಳು. ಎಷ್ಟೋ ವರ್ಷ ಹೀಗೇ ನಡೆಯಿತು.

ಒಂದು ದಿನ ಪೊಲೀಸಿನವನು ಹಿಂದೆಯೇ ಬಂದು ತಡೆದ.

"ಹಲಗೆ ಇದ್ದಲ್ಲಿ ನೀವು ನಿಲ್ಲಲಿಲ್ಲ" ಎಂದ.

"ನಿಂತ ಹಾಗೇ ಹೋದೆನಲ್ಲಪ್ಪ. ಹಿಂದೆ ಸಾರಿದೆ. ಗಕ್ಕನೆ ನಿಲ್ಲಿಸಿದರೆ ಚೆಲ್ಲಿಹೋಗುತ್ತದೆ."

ಅವನು ಕಿಟಕಿಯೊಳಗೆ ತಲೆ ಹಾಕಿದ. "ಘಮ ಚೆನ್ನಾಗಿದೆ" ಎಂದ. ದಂಡದ ಚೀಟಿಯನ್ನೂ ಬರೆದು ಕೊಟ್ಟ.

ದಂಡ ಕಟ್ಟಿದರೆ ಮುಗಿಯುವ ಮಾತಾಗಿರಲಿಲ್ಲ. ಹಿಂದೆ ಒಮ್ಮೆ ವೇಗ ಹೆಚ್ಚಾಗಿ ಅವಳ ಲೈಸೆನ್ಸಿಗೆ ಒಂದು ಗುರುತು ಬಿದ್ದಿತ್ತು. ಇನ್ನೊಂದು ಬಿದ್ದರೆ ಗಾಡಿ ಓಡಿಸುವ ಹಕ್ಕೇ ಹೋಗುತ್ತದೆ. ಗಾಡಿ ಹೋದರೆ ಅಡುಗೆ ಹೋಯಿತು. ಬಸ್ಸಿನಲ್ಲಿ ಸಾರು ಒಯ್ಯುವುದುಂಟೇ? ಮುಂದಿನ ತಿಂಗಳು ಒಂದು ಮದುವೆಯ ಊಟವನ್ನು ಬೇರೆ ಒಪ್ಪಿಕೊಂಡಿದ್ದಳು.

ನ್ಯಾಯಾಲಯ ಒಂದು ದಾರಿ ಬಿಟ್ಟಿತ್ತು. ತಪ್ಪು ಮಾಡಿದವರಿಗೆಂದೇ ಒಂದು ಶಾಲೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಓದಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು. ಗೆದ್ದರೆ ಗುರುತು ಬೀಳುವುದಿಲ್ಲ. ಸೋತರೆ ಇನ್ನೊಂದೇ ಅವಕಾಶ.

"ಸ್ಟೀರಿಂಗ್ ಹಿಡಿದು ಕೂದಲು ನೆರೆತಿದೆ. ನನಗೆ ಇವರೇನು ಕಲಿಸುತ್ತಾರೆ?" ಎಂದುಕೊಂಡೇ ಅಡುಗೆಯವಳು ಕಂಪ್ಯೂಟರಿನ ಮುಂದೆ ಕೂತಳು.

ಆ ಶಾಲೆಯಲ್ಲಿ ಪುಟ ಬೇಗ ತಿರುಗಿಸುವಂತಿಲ್ಲ. ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತದೆ. ಅದು ಮುಗಿದ ಮೇಲೆಯೇ ಮುಂದಿನ ಪುಟ. ಅಡುಗೆಯವಳು ಗಡಿಯಾರವನ್ನು ಓಡಲು ಬಿಟ್ಟು ಎದ್ದುಹೋಗಿ ಸಾರಿನ ಪುಡಿಗೆ ಮಸಾಲೆ ಹುರಿದಳು. ಆಗಾಗ ಪರದೆಯ ಮೇಲೆ "ಇದ್ದೀರಾ?" ಎಂಬ ಪ್ರಶ್ನೆ ಮೂಡುತ್ತಿತ್ತು. "ಇದ್ದೀನಪ್ಪ, ಎಲ್ಲಿಗೆ ಹೋಗಲಿ!" ಎಂದು ಮೊಣಕೈಯಿಂದ ಗುಂಡಿ ಒತ್ತುತ್ತಿದ್ದಳು. ಹಾಗೇ ಪಾಠಗಳೆಲ್ಲ ಮುಗಿದವು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಹಲಗೆಯ ಬಳಿ ಬೇರೆ ಗಾಡಿ ಇಲ್ಲದಿದ್ದರೆ ಏನು ಮಾಡಬೇಕು? ನಿಧಾನಿಸಿ, ನೋಡಿಕೊಂಡು ಹೋಗಬೇಕು ಎಂದು ಅವಳು ಗುರುತು ಹಾಕಿದಳು. ಮಿಕ್ಕವುಗಳಿಗೂ ತಾನು ದಿನಾ ಮಾಡುತ್ತಿದ್ದುದನ್ನೇ ಬರೆದಳು.

ಸೋತಳು.

ಮಗಳು ಪಕ್ಕಕ್ಕೆ ಬಂದು ನಿಂತಳು. "ಏಳಮ್ಮ, ನಿನ್ನ ಹೆಸರಲ್ಲಿ ನಾನು ಮುಗಿಸ್ತೀನಿ. ಇಲ್ಲಿ ಯಾರು ನೋಡ್ತಾರೆ? ಎಷ್ಟೋ ಜನ ಹಾಗೇ ಮಾಡೋದು."

ಅಡುಗೆಯವಳು ಪರದೆಯನ್ನೇ ನೋಡುತ್ತಿದ್ದಳು. ಏಳುವ ಮನಸ್ಸಾಗಿತ್ತು. ಗಾಡಿ ಉಳಿದರೆ ಸಾಕಲ್ಲವೇ? ಆದರೆ ಗಾಡಿ ಉಳಿದ ಮರುದಿನ ಅದೇ ಬೀದಿ, ಅದೇ ಹಲಗೆ, ಅದೇ ಪಾತ್ರೆ. ಅಲ್ಲಿ ಮಗಳು ಬಂದು ಬ್ರೇಕು ಒತ್ತುವಳೇ?

"ನನ್ನ ಒಲೆ ಮೇಲಿನ ಸಾರಿಗೆ ಪಕ್ಕದ ಮನೆಯವಳು ಉಪ್ಪು ನೋಡಿದ್ರೆ ಆಗುತ್ತೇನೇ? ಹೋಗು, ನಿನ್ನ ಕೆಲಸ ನೋಡ್ಕೋ" ಎಂದಳು.

ಒಲೆ ಆರಿಸಿ ಬಂದು ಮೊದಲ ಪುಟದಿಂದ ಓದಿದಳು. ಈ ಸಲ ಗಡಿಯಾರ ಮುಗಿದರೂ ಅವಳ ಓದು ಮುಗಿಯುತ್ತಿರಲಿಲ್ಲ. ಒಂದು ಕಡೆ ಹೀಗೆ ಬರೆದಿತ್ತು: ಗಾಡಿಯನ್ನು ನಿಲ್ಲಿಸುವ ಕೆಲಸ ಹಲಗೆಯ ಬಳಿ ರಸ್ತೆಗೆ ಎಳೆದ ಗೆರೆಯ ಹತ್ತಿರ ಶುರುವಾಗುವುದಿಲ್ಲ, ಹಲಗೆ ಕಣ್ಣಿಗೆ ಬಿದ್ದಾಗಲೇ ಕಾಲು ಹಗುರವಾಗಬೇಕು.

ಅಡುಗೆಯವಳು ನಂಬಲಿಲ್ಲ. ದೊಡ್ಡ ಪಾತ್ರೆಗೆ ಅಂಚಿನವರೆಗೆ ನೀರು ತುಂಬಿ ಕಾರಿನಲ್ಲಿ ಇಟ್ಟಳು. ಮಗಳನ್ನು ಪಾತ್ರೆಯ ಪಕ್ಕ ಕೂರಿಸಿದಳು. ಮನೆಯ ಮುಂದಿನ ಬೀದಿಗೆ ಹೊರಟಳು.

ಮೊದಲ ಹಲಗೆಗೆ ಎಂದಿನ ವೇಗದಲ್ಲೇ ಹತ್ತಿರ ಹೋಗಿ ಬ್ರೇಕು ಒತ್ತಿ ನಿಲ್ಲಿಸಿದಳು. ನೀರು ಎಗರಿತು.

"ತುಂಬಿದ ಕೊಡ ತುಳುಕೋದಿಲ್ಲ ಅಂತ ದಿನಾ ಗಾದೆ ಹೇಳ್ತಿದ್ಯಲ್ಲಮ್ಮ, ನೋಡು ನನ್ನ ಪ್ಯಾಂಟು!"

"ಬಾಯಿ ಮುಚ್ಕೊಂಡು ಪಾತ್ರೆ ನೋಡೇ."

ಮತ್ತೆ ನೀರು ತುಂಬಿಸಿಕೊಂಡು ಹೋದಳು. ಹಲಗೆ ದೂರದಲ್ಲಿ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಗಾಡಿಯ ವೇಗ ತಾನಾಗಿ ಇಳಿಯಿತು. ಆದರೂ ನಿಂತ ಗಳಿಗೆಯಲ್ಲಿ ಒಂದು ಕುಲುಕು. ಆಗ ಅವಳಿಗೆ ಒಲೆಯಿಂದ ಪಾತ್ರೆ ಇಳಿಸುವ ತನ್ನ ಕೈ ನೆನಪಾಯಿತು. ನೆಲ ಮುಟ್ಟುವ ಮುಂಚೆ ಕೈ ತಾನಾಗಿ ತಡೆಯುತ್ತದೆ. ಯಾರೂ ಪಾತ್ರೆಯನ್ನು ಕುಕ್ಕುವುದಿಲ್ಲ. ಮುಂದಿನ ಹಲಗೆಯಲ್ಲಿ, ಚಕ್ರ ನಿಲ್ಲುವ ಕೊನೆಯಲ್ಲಿ, ಬ್ರೇಕಿನ ಮೇಲಿನ ಕಾಲನ್ನು ಒಂದಿಷ್ಟು ಸಡಿಲಿಸಿದಳು.

ಗಾಡಿ ನಿಂತಿತು. ಪೂರ್ತಿ ನಿಂತಿತು. ಅಡುಗೆಯವಳು ಹಿಂದಕ್ಕೆ ತಿರುಗಿದಳು.

"ಏನಾಯ್ತೇ?"

"ಅಲುಗಲೇ ಇಲ್ಲಮ್ಮ!" ಎಂದಳು ಮಗಳು.

ಆ ಸಂಜೆಯೇ ಅಡುಗೆಯವಳು ಪರೀಕ್ಷೆಗೆ ಕೂತಳು. ಹಲಗೆಯ ಪ್ರಶ್ನೆ ಬಂದಾಗ ಅವಳ ಬಲಗಾಲು ಮೇಜಿನ ಕೆಳಗೆ ತಾನಾಗಿ ಹಗುರವಾಯಿತು. ಉತ್ತರ ಬರೆಯುವ ಕೈ ಎಲ್ಲೂ ತಡವರಿಸಲಿಲ್ಲ. ಗೆದ್ದಳು. ಮಗಳು ಅವಳನ್ನು ಕುರ್ಚಿಯ ಸಮೇತ ಗಿರ್ರನೆ ತಿರುಗಿಸಿದಳು.

ಮದುವೆಯ ದಿನ ಬಂತು. ಪಾತ್ರೆ ಅಂಚಿನವರೆಗೆ ತುಂಬಿತು. ಬಿಳಿಯ ಬಟ್ಟೆ ಬಿಗಿದದ್ದಾಯಿತು. ದಾರಿಯಲ್ಲಿ ಅದೇ ಬೀದಿ ಬಂತು, ಮರದ ನೆರಳಲ್ಲಿ ಅದೇ ಪೊಲೀಸಿನವನು. ಅಡುಗೆಯವಳು ದೂರದಿಂದಲೇ ಕಾಲು ತೆಗೆದಳು. ಗೆರೆಯ ಹಿಂದೆ ಬಂದು ನಿಂತಳು. ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ಆದರೂ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ಪೊಲೀಸಿನವನನ್ನೂ ನೋಡಿದಳು. ಅವನು ಟೋಪಿಗೆ ಕೈ ಮುಟ್ಟಿಸಿದ. ಅವಳು ರಾಣಿಯ ಹಾಗೆ ತಲೆಯಾಡಿಸಿ ಮುಂದೆ ಹೋದಳು.

ಮದುವೆಮನೆಯ ಹೆಂಗಸರು ಬಟ್ಟೆ ಬಿಚ್ಚಿದರು. ಒಂದು ಹನಿಯ ಕಲೆಯೂ ಇರಲಿಲ್ಲ. ಸಾರು ಅಂಚಿನಲ್ಲಿ ಕನ್ನಡಿಯ ಹಾಗೆ ನಿಂತಿತ್ತು.

"ಅಯ್ಯೋ ಪುಣ್ಯಾತ್ಗಿತ್ತಿ, ಕಾರಿನಲ್ಲಿ ತಂದ್ಯೋ, ತಲೆ ಮೇಲೆ ಹೊತ್ತು ತಂದ್ಯೋ?" ಎಂದಳು ಹೆಣ್ಣಿನ ಸೋದರತ್ತೆ.

"ನಿಲ್ಲಿಸಿ ನಿಲ್ಲಿಸಿ ತಂದೆ" ಎಂದಳು ಅಡುಗೆಯವಳು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಕ್ತಿಗೆ ಇಳಿದಳು. ಉಂಡವರು ಮತ್ತೆ ಕೇಳಿದರು. ದೊನ್ನೆಯಲ್ಲಿ ಹಾಕಿಸಿಕೊಂಡು ಸೊರಸೊರನೆ ಕುಡಿದರು. ಪಾತ್ರೆ ಬರಿದಾಗುವವರೆಗೂ ಯಾರೂ ಕೈ ತೊಳೆಯಲು ಏಳಲಿಲ್ಲ.

ಗುರುಗಳು ಇಷ್ಟು ಹೇಳಿ ತಂಬೂರಿಯ ಕಡೆ ಕೈ ಚಾಚಿದರು.

ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ. "ಆದರೂ ಗುರುಗಳೇ, ಆ ವಯಸ್ಸಿನಲ್ಲಿ, ಹೆತ್ತ ಮಗಳ ಎದುರಿಗೆ, ಮೊದಲ ಪಾಠಕ್ಕೆ ಕೂರಲು ಅವಳಿಗೆ ನಾಚಿಕೆಯಾಗಲಿಲ್ಲವೇ?"

"ಆ ದಿನ ಉಂಡು ಎದ್ದವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ" ಎಂದರು ಗುರುಗಳು.