ಸಾತವ್ವನ ಮನೆಕಟ್ಟೆಯ ಮೇಲೆ ಕುಳಿತ ಸಾಹೇಬ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು. ನಾವು ಜಾಲಿಕಟ್ಟಿಯವರು, ಕೇಳುವವರ ಕಾಲು ಹಿಡಿದು ಕೂರಿಸುವ ಮಂದಿಯಲ್ಲ. ಸುತ್ತಿನ ಯಾವ ಊರಲ್ಲಾದರೂ ಇಂಥ ಕಥೆ ಇದ್ದರೆ ತಂದು ಹೇಳಲಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ.

ಬಹಳ ಹಿಂದೆ, ನಮ್ಮೂರು ಹಳ್ಳದ ಆಚೆ ದಂಡೆಗೆ ಸಿಕ್ಕಿಬಿದ್ದಿದ್ದ ಕಾಲದಲ್ಲಿ, ಈ ಜಿಲ್ಲೆಗೆ ರಾಚೋಟಪ್ಪ ಅನ್ನುವ ದೊಡ್ಡ ಸಾಹೇಬ ಬಂದನಂತೆ. ಅವನು ಕಣ್ಣು ಕೆಂಪಗೆ ಮಾಡಿದರೆ ಹಳ್ಳದ ನೆರೆ ಹಿಂದೆ ಸರಿಯುತ್ತಿತ್ತಂತೆ. ಅವನ ಜೀಪಿನ ಸದ್ದು ಕೇಳಿದರೆ ಸಾಕು, ಗುತ್ತಿಗೆದಾರರು ಸಿಮೆಂಟು ಹೆಚ್ಚಿಗೆ ಸುರಿಯುತ್ತಿದ್ದರಂತೆ. ನಮ್ಮ ಹಳ್ಳಕ್ಕೆ ಸೇತುವೆ ಕಟ್ಟಿಸಿದವನು ಅವನೇ. ಆದರೆ ಎಲ್ಲಿಗೆ ಹೋದರೂ ಕುಡಿಯುವ ನೀರನ್ನು ತನ್ನದೇ ತತ್ರಾಣಿಯಲ್ಲಿ ಒಯ್ಯುತ್ತಿದ್ದನಂತೆ. ಒಂದು ಮನೆಯ ನೀರು ಕುಡಿದರೆ ಆ ಮನೆಯ ಕಡೆ ಕೈ ವಾಲುತ್ತದೆ ಅನ್ನುವುದು ಅವನ ನೇಮ. ನಮ್ಮೂರಲ್ಲೋ, ನೀರು ಬೇಡ ಅಂದವನು ಹಗೆಯವನು. ಸೇತುವೆ ಕಟ್ಟಿಸಿದವನಲ್ಲವಾ ಅಂತ ಮಂದಿ ಸಿಟ್ಟು ನುಂಗಿಕೊಂಡರಂತೆ.

ಆಮೇಲೆ ಸಾಹೇಬ ನೌಕರಿ ಬಿಟ್ಟು ಚುನಾವಣೆಗೆ ನಿಂತ. ಕೈಮುಗಿದುಕೊಂಡು ನಮ್ಮೂರಿಗೂ ಬಂದ. ತತ್ರಾಣಿ ಇರಲಿಲ್ಲ. ಮೊದಲ ಮನೆಯಲ್ಲಿ ನೀರು ಕೇಳಿ ಕುಡಿದ, ಪಕ್ಕದ ಮನೆಯಲ್ಲೂ ಕುಡಿದ, ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಹೊಟ್ಟೆ ಡೊಳ್ಳಿನಂತಾಗಿತ್ತಂತೆ. ಕೊನೆಯ ಮನೆ ಸಾತವ್ವನದು. ಸಾತವ್ವ ಅಂದರೆ ನಮ್ಮ ಮುತ್ತಜ್ಜಿಯ ಅವ್ವ, ಅದನ್ನೂ ಹೇಳಿಬಿಡುತ್ತೇನೆ. ಅವಳು ತಂಬಿಗೆ ಕೊಡದೆ ಕೇಳಿದಳಂತೆ:

“ಸಾಹೇಬ್ರ, ಕುರ್ಚಿ ಮ್ಯಾಲಿದ್ದಾಗ ನಮ್ಮ ನೀರಾಗ ಏನ್ ಹುಳ ಇತ್ತು? ಈಗ ಅದು ಎಲ್ಲಿ ಸತ್ತೋತು?”

ಸಾಹೇಬ ತನ್ನ ನೇಮವನ್ನು ಬಿಡಿಸಿ ಹೇಳಿದನಂತೆ. ಯಾರಿಗೂ ಹಿಡಿಸಲಿಲ್ಲ. ಆಗ ನಮ್ಮಿಂದ ಏನೂ ಬೇಕಿರಲಿಲ್ಲ, ಈಗ ಬೇಕಾಗಿದೆ, ಹಾಗಾದರೆ ಸೇತುವೆಯನ್ನೂ ಈ ಮತದ ಆಸೆಗೇ ಕಟ್ಟಿಸಿರಬೇಕು ಅಂತ ಊರೆಲ್ಲ ಮಾತಾಯಿತು. ನಮ್ಮೂರ ಪೆಟ್ಟಿಗೆಯಲ್ಲಿ ಅವನಿಗೆ ಒಂದು ಮತವೂ ಬೀಳಲಿಲ್ಲವಂತೆ. ಸೋತ. ಸೋಲನ್ನು ತಡೆದುಕೊಂಡ, ಸೇತುವೆಯ ಮೇಲೆ ಬಿದ್ದ ಅನುಮಾನವನ್ನು ತಡೆದುಕೊಳ್ಳಲಾಗಲಿಲ್ಲವಂತೆ. ಪ್ರತಿ ಸುಗ್ಗಿಗೂ ಬಂದು ಸಾತವ್ವನ ಬಾಗಿಲಲ್ಲಿ ನೀರು ಕೇಳುತ್ತಿದ್ದನಂತೆ. ಇದು ಮುಂದಿನ ಚುನಾವಣೆಯ ಬಿತ್ತನೆ ಅಂತ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ.

ಮುಂದಿನ ಚುನಾವಣೆ ಬಂತು. ನಾಮಪತ್ರ ಕೊಡುವ ಕೊನೆಯ ದಿನ ಉಳಿದವರೆಲ್ಲ ಹಲಗೆ ಬಾರಿಸಿಕೊಂಡು ತಾಲೂಕು ಕಚೇರಿಗೆ ಹೊರಟರೆ, ರಾಚೋಟಪ್ಪ ಹೊತ್ತು ಮೂಡುವಾಗಲೇ ಬಂದು ಸಾತವ್ವನ ಮನೆಕಟ್ಟೆಯ ಮೇಲೆ ಕುಳಿತನಂತೆ. ಇವನ ಪರವಾಗಿ ಇನ್ಯಾರಾದರೂ ಅರ್ಜಿ ಕೊಟ್ಟಾರು ಅಂತ ಸಾತವ್ವ ಹಿರಿಮಗನನ್ನು ಕಚೇರಿಯ ಬಾಗಿಲಿಗೇ ಕಾಯಲು ಕಳಿಸಿದಳಂತೆ. ಬಿಸಿಲು ನೆತ್ತಿಗೆ ಬಂತು, ಸಾಹೇಬ ಏಳಲಿಲ್ಲ. ಅವತ್ತು ನೀರೂ ಕೇಳಲಿಲ್ಲ. ಕಚೇರಿ ಮುಚ್ಚಿತು, ಸಾಹೇಬನ ಹೆಸರಿಲ್ಲ ಅಂತ ಮಗ ಬಂದು ಹೇಳಿದ ಮೇಲೆ ಅವಳು ಹೊರಗೆ ಬಂದಳಂತೆ.

“ಏಳಪಾ, ಒಳಗ ಬಾ.”

ಇವತ್ತಿಗೂ ಮತ ಕೇಳಲು ಬಂದವನು ಎಂಥ ದೊಡ್ಡವನಾಗಿರಲಿ, ನಮ್ಮೂರಲ್ಲಿ ಅವನಿಗೆ ಹನಿ ನೀರು ಕೊಡುವುದಿಲ್ಲ. ಎಣಿಕೆ ಮುಗಿದ ಮೇಲೆ ಬರ್ರಿ ಅಂತೀವಿ. ಸೋತವರು ಒಬ್ಬಿಬ್ಬರು ಬಂದದ್ದುಂಟು. ಗೆದ್ದವರು ಯಾರೂ ಬಂದಿಲ್ಲ.

ರಾಚೋಟಪ್ಪನಿಗೆ ಅವತ್ತು ಸಾತವ್ವ ಒಲೆಯ ಪಕ್ಕ ಮಣೆ ಹಾಕಿ, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ನೀರು ಕೊಟ್ಟಳಂತೆ.